ಜಾತಿಯ ಅವಮಾನ, ಮನಸ್ಸಿನ ಒತ್ತಡ, ಅಧ್ಯಾತ್ಮ: ಪದೇ ಪದೇ ಕೇಳುವ ಪ್ರಶ್ನೆಗಳು

ಬಾಡಿಗೆ ಮನೆ ನೋಡಲು ಹೋದರೆ "ನೀವು ಯಾವ ಜನ?" ಎಂಬ ಪ್ರಶ್ನೆ. ಕಾಲೇಜಿನಲ್ಲಿ ರ‍್ಯಾಂಕ್ ಕೇಳುವ ನೆಪದಲ್ಲಿ ಜಾತಿ ತಿಳಿದುಕೊಳ್ಳುವ ಪ್ರಯತ್ನ. ಊರಿಗೆ ಹೋದರೆ ಗುಡಿಯ ಹೊಸ್ತಿಲ ಹೊರಗೇ ನಿಲ್ಲಬೇಕಾದ ಪಾಡು. ಇದನ್ನೆಲ್ಲ ಎದುರಿಸುತ್ತಿರುವ ದಲಿತ, ಹಿಂದುಳಿದ ಸಮುದಾಯಗಳ ಹುಡುಗ ಹುಡುಗಿಯರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಯಾವ ಧರ್ಮದ ಪ್ರಚಾರವೂ ಇಲ್ಲಿಲ್ಲ. ಆದರೆ ನನ್ನದೊಂದು ಗಟ್ಟಿ ಅಭಿಪ್ರಾಯವಿದೆ, ಮೊದಲೇ ಹೇಳಿಬಿಡುತ್ತೇನೆ. ಅವಮಾನ ಮಾಡಿದವರ ತಪ್ಪನ್ನು ನಿಮ್ಮ ತಲೆಗೆ ಕಟ್ಟುವ ಅಧ್ಯಾತ್ಮ ನಿಮಗೆ ಬೇಡ.

ಯಾರೋ ಏನೋ ಅಂದರು ಅಂತ ಇಷ್ಟೊಂದು ಹಚ್ಚಿಕೊಳ್ಳೋದು ಯಾಕೆ? ನಾನೇ ಜಾಸ್ತಿ ಸೂಕ್ಷ್ಮ ಆಗಿದ್ದೀನಾ?

ಇಲ್ಲ. ಅವಮಾನವಾದಾಗ ದೇಹ ಅದನ್ನು ಅಪಾಯ ಎಂದೇ ತಿಳಿಯುತ್ತದೆ. ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಹಾರ್ಮೋನುಗಳು ಏರುತ್ತವೆ. ಎದೆ ಹೊಡೆದುಕೊಳ್ಳುತ್ತದೆ, ಅಂಗೈ ಬೆವರುತ್ತದೆ, ಹೊಟ್ಟೆ ಹಿಡಿದಂತಾಗುತ್ತದೆ. ಬೀದಿನಾಯಿ ಅಟ್ಟಿಸಿಕೊಂಡು ಬಂದಾಗಲೂ ಹೀಗೇ ಆಗುತ್ತದೆ. ನಾಯಿ ಹೋದ ಮೇಲೆ ದೇಹ ಸುಧಾರಿಸಿಕೊಳ್ಳುತ್ತದೆ. ಜಾತಿಯ ವಿಷಯದಲ್ಲಿ ಆ ಸುಧಾರಣೆಗೆ ಪುರುಸೊತ್ತೇ ಸಿಗುವುದಿಲ್ಲ. ನಾಳೆ ಯಾರು ಕೇಳುತ್ತಾರೋ, ಗೊತ್ತಾದ ಮೇಲೆ ಹೇಗೆ ನೋಡುತ್ತಾರೋ ಎಂದು ಕಾಯುವುದೇ ಒಂದು ದುಡಿಮೆ. ಏನೂ ನಡೆಯದ ದಿನವೂ ಮೈ ದಣಿದಿರುತ್ತದೆ.

ಅಮೆರಿಕದ ಕಪ್ಪು ಜನರ ನಡುವೆ ದಶಕಗಳಿಂದ ಅಧ್ಯಯನಗಳು ನಡೆದಿವೆ. ದಿನನಿತ್ಯದ ಸಣ್ಣಪುಟ್ಟ ಅವಮಾನಗಳಿಗೂ ಖಿನ್ನತೆ, ಕೆಟ್ಟ ನಿದ್ದೆಗೂ ನಂಟಿದೆ ಎಂದು ಅವು ತೋರಿಸಿವೆ. ಹಾಗಾಗಿ "ಒಂದು ಮಾತಿಗೆ ಇಷ್ಟಾ?" ಎಂದು ಯಾರಾದರೂ ಕೇಳಿದರೆ ನಾಚಬೇಡಿ. ಅದು ಒಂದೇ ಮಾತಲ್ಲ ಎಂದು ನಿಮಗೆ ಗೊತ್ತು.

ಅಧ್ಯಾತ್ಮ ಅಂದರೆ ಪೂಜೆ, ವ್ರತ ಮಾಡಲೇಬೇಕಾ?

ಬೇಡ. "ನಾನು ಯಾರು, ನನ್ನ ಬೆಲೆ ಏನು, ಯಾರ ಜೊತೆ ಬಾಳಬೇಕು" ಎಂಬ ಪ್ರಶ್ನೆಗಳಿಗೆ ಆಳದಲ್ಲಿ ಉತ್ತರ ಕೊಡುವ ಯಾವುದೇ ಅಭ್ಯಾಸವನ್ನು ಇಲ್ಲಿ ಅಧ್ಯಾತ್ಮ ಎಂದಿದ್ದೇನೆ. ಪ್ರಾರ್ಥನೆ, ಧ್ಯಾನ, ತತ್ವಪದ ಹಾಡುವುದು, ಬುದ್ಧವಂದನೆ, ಒಟ್ಟಿಗೆ ಕೂತು ಉಣ್ಣುವುದು, ಎಲ್ಲವೂ ಇದರಲ್ಲಿ ಬರುತ್ತವೆ.

ದೇವರ ಹೆಸರಿನಲ್ಲೇ ನಮ್ಮನ್ನು ದೂರ ಇಟ್ಟಿದ್ದಾರೆ. ಮತ್ತೆ ಆ ದೇವರ ಹತ್ತಿರವೇ ನೆಮ್ಮದಿ ಹುಡುಕೋದಾ?

ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಇದು. 2022ರ ಸೆಪ್ಟೆಂಬರಿನಲ್ಲಿ ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ಒಬ್ಬ ದಲಿತ ಬಾಲಕ ಉತ್ಸವದ ದೇವರ ಕೋಲನ್ನು ಮುಟ್ಟಿದ. ಅಷ್ಟಕ್ಕೇ ಅವನ ಮನೆಯವರಿಗೆ 60,000 ರೂಪಾಯಿ ದಂಡ ಹಾಕಿದರು. ನಾವು ಮುಟ್ಟುವುದು ದೇವರಿಗೆ ಇಷ್ಟವಿಲ್ಲದಿದ್ದರೆ ಇನ್ನು ಮುಂದೆ ಅಂಬೇಡ್ಕರ್‌ಗೇ ಕೈ ಮುಗಿಯುತ್ತೇವೆ ಎಂದು ಆ ಬಾಲಕನ ತಾಯಿ ಹೇಳಿದರು. ಆ ಮಾತಿನಲ್ಲಿ ಸಿಟ್ಟಿದೆ, ನಿಜ. ಆದರೆ ಕೈ ಮುಗಿಯುವುದನ್ನೇ ಬಿಡುತ್ತೇನೆ ಎಂದು ಅವರು ಹೇಳಲಿಲ್ಲ, ಗಮನಿಸಿ. ತನ್ನ ಮಗನನ್ನು ಮನುಷ್ಯನಂತೆ ಕಾಣುವವರ ಮುಂದೆ ಮಾತ್ರ ಕೈ ಮುಗಿಯುತ್ತೇನೆ ಎಂದರು. ಇದಕ್ಕಿಂತ ದೊಡ್ಡ ಅಧ್ಯಾತ್ಮದ ತೀರ್ಮಾನ ನನಗೆ ಗೊತ್ತಿಲ್ಲ.

ನಮ್ಮ ನಾಡಿನಲ್ಲಿ ಇಂಥ ತೀರ್ಮಾನಗಳಿಗೆ ಉದ್ದದ ಇತಿಹಾಸವಿದೆ. ಮಂಗಳೂರಿನ ಬಿಲ್ಲವರನ್ನು ಗುಡಿಗಳ ಒಳಗೆ ಬಿಡುತ್ತಿರಲಿಲ್ಲ. ಅವರು ಕೇರಳದಿಂದ ನಾರಾಯಣ ಗುರುಗಳನ್ನು ಕರೆಸಿದರು, 1912ರಲ್ಲಿ ಕುದ್ರೋಳಿಯಲ್ಲಿ ಗೋಕರ್ಣನಾಥೇಶ್ವರನ ಗುಡಿ ಎದ್ದಿತು. ಗುರುಗಳು ಅದಕ್ಕೂ ಮೊದಲೇ, 1888ರಲ್ಲಿ, ಅರುವಿಪ್ಪುರದಲ್ಲಿ ಯಾರ ಅಪ್ಪಣೆಯೂ ಇಲ್ಲದೆ ಶಿವನನ್ನು ಪ್ರತಿಷ್ಠೆ ಮಾಡಿದ್ದರು. ಅಂದರೆ ಈ ಜನ ದೇವರನ್ನು ಬಿಡಲಿಲ್ಲ, ಬಾಗಿಲು ಕಾಯುವವರನ್ನು ಬಿಟ್ಟರು.

ಇತ್ತ ಮಂಡ್ಯ, ಚಾಮರಾಜನಗರದ ಕಡೆ ಮಂಟೇಸ್ವಾಮಿ ಪರಂಪರೆ ಇದೆ. ತಂಬೂರಿ ಹಿಡಿದ ನೀಲಗಾರರು ರಾತ್ರಿಯಿಡೀ ಹಾಡುವ ಕಥೆಯಲ್ಲಿ ಮಂಟೇಸ್ವಾಮಿ ಹೇಸಿಗೆ ಹುಟ್ಟಿಸುವ ರೂಪದಲ್ಲಿ ಬಸವಣ್ಣನ ಕಲ್ಯಾಣದ ಬಾಗಿಲಿಗೆ ಬರುತ್ತಾನೆ. ಸಮಾನತೆಯ ಮಾತಾಡುವ ಕಲ್ಯಾಣದಲ್ಲೂ ಅವನನ್ನು ಬಾಗಿಲಲ್ಲೇ ತಡೆಯುತ್ತಾರೆ. ಹೊರಗೆ ನಿಂತವನೇ ಅಲ್ಲಿ ದೇವರು. ಕೇರಿಯ ಜನ ಈ ಕಥೆಯನ್ನು ಯಾಕೆ ಇಷ್ಟು ಪ್ರೀತಿಯಿಂದ ಉಳಿಸಿಕೊಂಡರು ಎಂದು ಬಿಡಿಸಿ ಹೇಳಬೇಕಿಲ್ಲ. ಆ ಪರಂಪರೆಯ ಸಿದ್ದಪ್ಪಾಜಿಯ ಚಿಕ್ಕಲ್ಲೂರು ಜಾತ್ರೆಯಲ್ಲಿ ಇವತ್ತಿಗೂ ಪಂಕ್ತಿಸೇವೆ ನಡೆಯುತ್ತದೆ. ಎಲ್ಲ ಜಾತಿಯವರೂ ಬಿಡಾರ ಹೂಡಿ, ಅಡುಗೆ ಮಾಡಿ, ಒಟ್ಟಿಗೆ ಕೂತು ಉಣ್ಣುತ್ತಾರೆ.

ಬೇರೆ ದೇಶದಲ್ಲೂ ಹೀಗೇ ಆಗಿದೆ. ಅಮೆರಿಕದ ಫಿಲಡೆಲ್ಫಿಯಾದ ಒಂದು ಚರ್ಚಿನಲ್ಲಿ ಕಪ್ಪು ಜನರನ್ನು ಪ್ರಾರ್ಥನೆಯ ನಡುವೆ ಎಬ್ಬಿಸಲು ಹೋದಾಗ ರಿಚರ್ಡ್ ಅಲೆನ್ ಮತ್ತು ಅವರ ಸಂಗಡಿಗರು ಎದ್ದು ಹೊರನಡೆದರು. ಮುಂದೆ 1816ರಲ್ಲಿ ಕಪ್ಪು ಜನರದೇ ಸ್ವತಂತ್ರ ಚರ್ಚ್ ಸಂಘಟನೆ ಹುಟ್ಟಿತು.

ಹಾಗಾಗಿ ಉತ್ತರ ಇದು: ಹಳೆಯ ಗುಡಿಗೇ ಹೋಗಬೇಕು ಎಂದೇನಿಲ್ಲ, ಹೋಗಲೇಬಾರದು ಎಂದೂ ಇಲ್ಲ. ಒಳಗೆ ಹೋಗುವುದು ನಿಮ್ಮ ಹಕ್ಕು. ಅಲ್ಲಿ ನೆಮ್ಮದಿ ಸಿಗುತ್ತದಾ ಎಂಬುದು ಬೇರೆ ಪ್ರಶ್ನೆ, ಅದನ್ನು ನಿಮ್ಮ ಮನಸ್ಸನ್ನೇ ಕೇಳಿಕೊಳ್ಳಿ.

ಅಂಬೇಡ್ಕರ್ ಬೌದ್ಧರಾದದ್ದು ರಾಜಕೀಯ ಅಲ್ವಾ? ಅದರಲ್ಲಿ ಅಧ್ಯಾತ್ಮ ಎಲ್ಲಿ ಬಂತು?

ಅವರು ಎಷ್ಟು ವರ್ಷ ಯೋಚಿಸಿದರು ಎಂದು ನೋಡಿದರೆ ಈ ಅನುಮಾನ ಉಳಿಯುವುದಿಲ್ಲ. 1927ರಲ್ಲಿ ಮಹಾಡದ ಚವದಾರ್ ಕೆರೆಯ ನೀರು ಕುಡಿಯಲು ಸಾವಿರಾರು ಜನರ ಜೊತೆ ನಡೆದರು. 1930ರಲ್ಲಿ ನಾಸಿಕದ ಕಾಳಾರಾಮ ದೇವಸ್ಥಾನದ ಮುಂದೆ ಸತ್ಯಾಗ್ರಹ ಶುರುವಾಯಿತು. ವರ್ಷಗಟ್ಟಲೆ ನಡೆದರೂ ಬಾಗಿಲು ತೆರೆಯಲಿಲ್ಲ. 1935ರಲ್ಲಿ ಯೇವಲಾದಲ್ಲಿ, ಹಿಂದೂವಾಗಿ ಹುಟ್ಟಿದ್ದು ನನ್ನ ಕೈಯಲ್ಲಿ ಇರಲಿಲ್ಲ, ಆದರೆ ಹಿಂದೂವಾಗಿ ಸಾಯುವುದಿಲ್ಲ ಎಂದು ಸಾರಿದರು. ದೀಕ್ಷೆ ತೆಗೆದುಕೊಂಡದ್ದು 1956ರ ಅಕ್ಟೋಬರ್ 14ರಂದು, ನಾಗಪುರದಲ್ಲಿ. ನಡುವೆ 21 ವರ್ಷ ಕಳೆದಿತ್ತು. ಬರೀ ರಾಜಕೀಯದ ಲೆಕ್ಕಕ್ಕೆ ಯಾರೂ ಅಷ್ಟು ಕಾಲ ಕಾಯುವುದಿಲ್ಲ.

ನಾಗಪುರದಲ್ಲಿ ಅವರು ಮೊದಲು ತಾವು ತ್ರಿಶರಣ (ಬುದ್ಧ, ಧಮ್ಮ, ಸಂಘಕ್ಕೆ ಶರಣಾಗುವುದು), ಪಂಚಶೀಲ (ನಡತೆಯ ಐದು ನಿಯಮಗಳು) ಸ್ವೀಕರಿಸಿದರು. ಆಮೇಲೆ ಅಲ್ಲಿ ಸೇರಿದ್ದ ಲಕ್ಷಾಂತರ ಜನರಿಗೆ ತಾವೇ ದೀಕ್ಷೆ ಕೊಟ್ಟು, 22 ಪ್ರತಿಜ್ಞೆಗಳನ್ನು ಹೇಳಿಸಿದರು. ಎರಡು ತಿಂಗಳೂ ಕಳೆಯಲಿಲ್ಲ, ಡಿಸೆಂಬರ್ 6ರಂದು ತೀರಿಕೊಂಡರು.

ಒತ್ತಡದಲ್ಲಿ ಇರುವವರಿಗೆ ಅವರ ಧಮ್ಮದಲ್ಲಿ ಬಹಳ ಮುಖ್ಯವಾದ ಒಂದು ಅಂಶವಿದೆ. ಹಿಂದಿನ ಜನ್ಮದ ಪಾಪಕ್ಕೆ ಈ ಜನ್ಮದಲ್ಲಿ ಕೀಳು ಜಾತಿ ಎಂಬ ವಿವರಣೆಯನ್ನು ಅವರು ಪೂರ್ತಿ ತಳ್ಳಿಹಾಕಿದರು. ದುಃಖ ಇದೆ ಎಂದು ಬುದ್ಧ ಹೇಳಿದ್ದನ್ನು ಅವರು ಒಬ್ಬೊಬ್ಬರ ಎದೆಯೊಳಗಿನ ದುಃಖಕ್ಕೆ ಮಾತ್ರ ಸೀಮಿತ ಮಾಡಲಿಲ್ಲ. ಮನುಷ್ಯ ಮನುಷ್ಯನಿಗೆ ಕೊಡುವ ದುಃಖವನ್ನೂ ಅದರಲ್ಲಿ ಸೇರಿಸಿದರು. ಇದರಿಂದ ಏನಾಗುತ್ತದೆ ನೋಡಿ. "ನನ್ನಲ್ಲೇ ಏನೋ ಕೊರತೆ ಇದೆ" ಎಂದು ಒಳಗೊಳಗೇ ಕೊರೆಯುತ್ತಿದ್ದ ಯೋಚನೆಯ ಬೇರೇ ಸಡಿಲವಾಗುತ್ತದೆ. ಪ್ರಜ್ಞೆ, ಕರುಣೆ, ಮೈತ್ರಿ ಎಂಬ ಮಾತುಗಳು ಆಮೇಲೆ ಬರುತ್ತವೆ. ಮೊದಲು ತಲೆ ಎತ್ತಬೇಕು.

ಕಲಬುರಗಿಯ ಬುದ್ಧವಿಹಾರಕ್ಕೆ ಒಂದು ಭಾನುವಾರ ಹೋಗಿ ಬನ್ನಿ. ಅದೇ ಜಿಲ್ಲೆಯ ಸನ್ನತಿ ಬಳಿಯ ಕನಗನಹಳ್ಳಿಯಲ್ಲಿ ಅಶೋಕನ ಹೆಸರು ಕೆತ್ತಿದ ಶಿಲ್ಪ ಸಿಕ್ಕಿದೆ. ಬುದ್ಧ ಈ ನೆಲಕ್ಕೆ ಹೊಸಬನಲ್ಲ ಎಂದು ಕಣ್ಣಾರೆ ಕಂಡಾಗ ಆಗುವ ಧೈರ್ಯವೇ ಬೇರೆ.

ಬೌದ್ಧ ಆದರೆ ಎಸ್‌ಸಿ ಮೀಸಲಾತಿ ಹೋಗುತ್ತಾ?

ಹೋಗುವುದಿಲ್ಲ. ಪರಿಶಿಷ್ಟ ಜಾತಿಗಳನ್ನು ಪಟ್ಟಿ ಮಾಡಿದ 1950ರ ಆದೇಶದಲ್ಲಿ ಆ ಸ್ಥಾನ ಹೆಚ್ಚುಕಡಿಮೆ ಹಿಂದೂಗಳಿಗೆ ಮಾತ್ರ ಇತ್ತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಿದರು. ಕ್ರೈಸ್ತ ಅಥವಾ ಇಸ್ಲಾಂ ಧರ್ಮಕ್ಕೆ ಹೋದವರಿಗೆ ಆ ಸ್ಥಾನ ಇಲ್ಲ. ಇದು ಅನ್ಯಾಯ ಎಂದು ವಾದಿಸುವವರು ಬಹಳ ಜನ, ನಾನೂ ಅವರಲ್ಲಿ ಒಬ್ಬ. ಕಾಗದಪತ್ರದ ಬದಲಾವಣೆಗೆ ಕೈ ಹಾಕುವ ಮೊದಲು ಒಬ್ಬ ವಕೀಲರನ್ನು ಕೇಳಿ.

"ಎಲ್ಲ ಹಣೆಬರಹ, ಕ್ಷಮಿಸಿ ಬಿಡು" ಅಂತ ಅಮ್ಮ ಹೇಳುತ್ತಾರೆ. ಸಿಟ್ಟು ಪಾಪವಾ?

ಅಮ್ಮನ ಮೇಲೆ ರೇಗಬೇಡಿ. ಅವರ ಕಾಲದಲ್ಲಿ ಎದುರು ಮಾತಾಡಿದರೆ ಮನೆ ಉಳಿಯುತ್ತಿರಲಿಲ್ಲ. ಮಕ್ಕಳನ್ನು ಬದುಕಿಸಿಕೊಳ್ಳಲು ಅವರಿಗೆ ಸಿಕ್ಕ ದಾರಿ ಅದು. ಆ ಮಾತಿನ ಹಿಂದೆ ಇರುವುದು ನಿಮಗೇನಾಗುತ್ತದೋ ಎಂಬ ಭಯ.

ಆದರೆ ಆ ಮಾತನ್ನು ನೀವು ಒಪ್ಪಬೇಕಿಲ್ಲ. ಧರ್ಮ ಮತ್ತು ಮನಸ್ಸಿನ ಬಗ್ಗೆ ಕೆಲಸ ಮಾಡಿದ ಕೆನೆತ್ ಪಾರ್ಗಮೆಂಟ್ ಎಂಬ ಅಮೆರಿಕದ ಮನೋವಿಜ್ಞಾನಿ, ಕಷ್ಟದಲ್ಲಿ ಜನ ಧರ್ಮವನ್ನು ಬಳಸುವ ಬಗೆಗಳನ್ನು ಬೇರೆಬೇರೆಯಾಗಿ ನೋಡಿದರು. ದೇವರು ನನ್ನ ಜೊತೆ ಇದ್ದಾನೆ, ನಾವಿಬ್ಬರೂ ಸೇರಿ ಇದನ್ನು ಎದುರಿಸುತ್ತೇವೆ ಎನ್ನುವವರು ಒಂದು ಬಗೆ. ದೇವರು ನನಗೆ ಶಿಕ್ಷೆ ಕೊಡುತ್ತಿದ್ದಾನೆ, ನನ್ನ ಕೈ ಬಿಟ್ಟಿದ್ದಾನೆ ಎಂದು ನಂಬುವವರು ಇನ್ನೊಂದು ಬಗೆ. ಎರಡನೇ ಬಗೆಯವರಲ್ಲಿ ಖಿನ್ನತೆ, ಆತಂಕ ಜಾಸ್ತಿ ಎಂದು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿದೆ. "ಹಣೆಬರಹ" ಎಂಬ ವಿವರಣೆ ನಮ್ಮನ್ನು ತಳ್ಳುವುದು ಈ ಎರಡನೇ ಕಡೆಗೆ.

ಸಿಟ್ಟು ಪಾಪವಲ್ಲ. ನಿಮಗೆ ಮರ್ಯಾದೆ ಇದೆ, ಅದಕ್ಕೆ ಪೆಟ್ಟು ಬಿದ್ದಿದೆ ಎಂದು ಅದು ತಿಳಿಸುತ್ತದೆ. ಹನ್ನೆರಡನೇ ಶತಮಾನದ ಅಂಬಿಗರ ಚೌಡಯ್ಯನ ವಚನಗಳಲ್ಲಿ ಕಾಣುವಷ್ಟು ಸಿಟ್ಟು ಕನ್ನಡದ ಬೇರೆ ಶರಣರಲ್ಲಿ ಕಡಿಮೆ. ಅವರನ್ನು ನಾವು ಶರಣರೆಂದೇ ಕರೆಯುತ್ತೇವೆ. ಸಿಟ್ಟು ನಿಮ್ಮ ಮೈಯನ್ನೇ ಸುಡದಂತೆ ನೋಡಿಕೊಳ್ಳಲು ಅಭ್ಯಾಸ ಬೇಕು, ಅಷ್ಟೇ. ಕ್ಷಮೆಯ ಮಾತು ಬರಬೇಕಾದದ್ದು ತಪ್ಪು ಮಾಡಿದವರು ತಪ್ಪು ಒಪ್ಪಿಕೊಂಡ ಮೇಲೆ. ಅದಕ್ಕೂ ಮೊದಲು ಕ್ಷಮಿಸು ಎಂದು ಒತ್ತಾಯ ಮಾಡುವ ಹಕ್ಕು ಯಾವ ಗುರುವಿಗೂ ಇಲ್ಲ.

ಧ್ಯಾನಕ್ಕೆ ಕೂತರೆ ಅವಮಾನದ ಮಾತುಗಳೇ ಕಿವಿಯಲ್ಲಿ ಗುಂಯ್ ಅನ್ನುತ್ತವೆ. ನನಗೆ ಧ್ಯಾನ ಬರಲ್ವಾ?

ಇದು ಬಹಳ ಜನರಿಗೆ ಆಗುತ್ತದೆ. ಹೊರಗಿನ ಸದ್ದು ನಿಂತಾಗ ಒಳಗಿನದು ಜೋರಾಗಿ ಕೇಳುತ್ತದೆ. ಕಣ್ಣು ಮುಚ್ಚಿ ಅರ್ಧ ಗಂಟೆ ಕೂರಲೇಬೇಕು ಎಂಬ ಹಟ ಬೇಡ. ಕಣ್ಣು ತೆರೆದೇ ಕೂರಿ. ಪಾದ ನೆಲಕ್ಕೆ ತಾಗಿರುವುದನ್ನು ಗಮನಿಸಿ. ಉಸಿರನ್ನು ಒಳಗೆ ಎಳೆದುಕೊಳ್ಳುವುದಕ್ಕಿಂತ ನಿಧಾನವಾಗಿ ಹೊರಗೆ ಬಿಡಿ. ನಾಲ್ಕು ಎಣಿಸುವವರೆಗೆ ಒಳಗೆ, ಆರು ಎಣಿಸುವವರೆಗೆ ಹೊರಗೆ. ಉಸಿರು ಹೊರಹೋಗುವಾಗ ಎದೆಬಡಿತ ಸ್ವಲ್ಪ ಇಳಿಯುತ್ತದೆ, ಅದಕ್ಕೇ ಈ ಲೆಕ್ಕ. ಐದು ನಿಮಿಷ ಸಾಕು.

ಕೂರುವುದೇ ಆಗದಿದ್ದರೆ ನಡೆಯಿರಿ, ಇಲ್ಲವೇ ಹಾಡಿ. ಹಾಡುವಾಗ ಉಸಿರು ತಾನಾಗಿಯೇ ಉದ್ದವಾಗುತ್ತದೆ. ಭಜನೆ, ತತ್ವಪದ, ಬುದ್ಧವಂದನೆ, ಹೋರಾಟದ ಹಾಡು, ಯಾವುದಾದರೂ ಆಗಬಹುದು. ನಾಲ್ಕು ಜನ ಸೇರಿ ಹಾಡಿದರೆ ಇನ್ನೂ ಒಳ್ಳೆಯದು. ನಮ್ಮ ಹಿರಿಯರು ದಿನವಿಡೀ ದುಡಿದು ರಾತ್ರಿ ಏಕತಾರಿ ಹಿಡಿದು ಕೂರುತ್ತಿದ್ದುದಕ್ಕೆ ಕಾರಣ ಇತ್ತು.

ಇಷ್ಟಾದರೂ ಧ್ಯಾನದಿಂದ ಎದೆ ಬಿಗಿಯುತ್ತದೆ, ಹಳೆಯ ಘಟನೆಗಳು ಕಣ್ಣಿಗೆ ಕಟ್ಟುತ್ತವೆ ಎಂದಾದರೆ ನಿಲ್ಲಿಸಿ. ಹತ್ತು ದಿನದ ಮೌನ ಶಿಬಿರಕ್ಕೆ ಈ ಸ್ಥಿತಿಯಲ್ಲಿ ಹೋಗುವುದು ಬೇಡವೇ ಬೇಡ.

ಜಾತಿ ಮುಚ್ಚಿಟ್ಟುಕೊಂಡು ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದೇನೆ. ಇದು ಮೋಸವಾ?

ಮೋಸವಲ್ಲ. ನಿಮ್ಮನ್ನು ಕಾಪಾಡಿಕೊಳ್ಳಲು ನೀವು ಏನು ಮಾಡಬೇಕೋ ಅದನ್ನು ಮಾಡುತ್ತಿದ್ದೀರಿ. ಯಾರಿಗೆ, ಯಾವಾಗ ಹೇಳಬೇಕು ಎಂಬುದು ನಿಮ್ಮ ತೀರ್ಮಾನ. ಹೇಳಿಬಿಡು, ಧೈರ್ಯ ಬರುತ್ತದೆ ಎಂದು ಹೊರಗೆ ನಿಂತವರು ಹೇಳುವುದು ಸುಲಭ.

ಆದರೆ ಮುಚ್ಚಿಡುವುದರ ಭಾರವೂ ಸಣ್ಣದಲ್ಲ. ಊಟದ ಡಬ್ಬಿ ತೆರೆಯುವಾಗ ಯೋಚನೆ, ಮದುವೆ ಫೋಟೊ ತೋರಿಸುವಾಗ ಯೋಚನೆ, ಅಪ್ಪನ ಕೆಲಸ ಏನು ಎಂದರೆ ಮಾತು ತೇಲಿಸಬೇಕು. ಅದಕ್ಕಾಗಿ, ಮುಚ್ಚಿಡದೆ ಇರಬಹುದಾದ ಒಂದು ಜಾಗವಾದರೂ ನಿಮಗೆ ಬೇಕೇ ಬೇಕು. ಮಾದಾರ ಚೆನ್ನಯ್ಯ ತನ್ನ ವಚನಗಳ ಅಂಕಿತದಲ್ಲಿ ಚಮ್ಮಾರಿಕೆಯ ಉಳಿ, ಕತ್ತಿ, ಅಡಿಗುಂಟಗಳನ್ನೇ ಇಟ್ಟುಕೊಂಡ. ದೇವರ ಹೆಸರು ಬರಬೇಕಾದ ಜಾಗದಲ್ಲಿ ಅಂಬಿಗರ ಚೌಡಯ್ಯ ತನ್ನ ಹೆಸರನ್ನೇ ಇಟ್ಟ. ಬಸವಣ್ಣ ತಾನು ಈ ಚೆನ್ನಯ್ಯನ, ತೊಗಲು ಹದ ಮಾಡುವ ಕಕ್ಕಯ್ಯನ ಮನೆಯವನೆಂದು ಹೇಳಿಕೊಂಡರು. ಹಾಗೆ ಹೇಳಿಕೊಳ್ಳಲು ಅವರಿಗೆ ಅನುಭವ ಮಂಟಪದಂಥ ಜಾಗ ಇತ್ತು, ಸಂಗಡಿಗರಿದ್ದರು. ನಿಮಗೂ ಅಂಥ ಒಂದು ಕೂಟ ಇರಲಿ. ವಿಹಾರದ ಗೆಳೆಯರಾಗಬಹುದು, ಅಂಬೇಡ್ಕರ್ ಓದುಬಳಗ ಆಗಬಹುದು, ತಿಂಗಳಿಗೊಮ್ಮೆ ಯಾರದೋ ರೂಮಿನಲ್ಲಿ ಸೇರಿ ಅಡುಗೆ ಮಾಡುವ ಐದು ಜನ ಆಗಬಹುದು. ಅಲ್ಲಿ ಸುಮ್ನೆ ಕೂತರೂ ಸಾಕು, ಭುಜ ತಾನಾಗಿಯೇ ಇಳಿಯುತ್ತದೆ.

ವಿದೇಶದಲ್ಲಿರುವ ಕನ್ನಡಿಗರೂ ಇದನ್ನು ಕೇಳುತ್ತಾರೆ. ಅಲ್ಲಿ ಹೋದರೂ ಜಾತಿ ಬೆನ್ನು ಬಿಡುವುದಿಲ್ಲ ಎಂಬುದಕ್ಕೆ ಸಿಯಾಟಲ್ ನಗರ 2023ರಲ್ಲಿ ಜಾತಿ ತಾರತಮ್ಯವನ್ನು ನಿಷೇಧಿಸಬೇಕಾಗಿ ಬಂದದ್ದೇ ಸಾಕ್ಷಿ.

ದೇವರನ್ನು ನಂಬದವರು ಏನು ಮಾಡಬೇಕು?

ನಂಬಲೇಬೇಕಿಲ್ಲ. ಅಂಬೇಡ್ಕರ್ ಆರಿಸಿಕೊಂಡ ಧಮ್ಮದಲ್ಲಿ ಸೃಷ್ಟಿಕರ್ತ ದೇವರಿಗೆ ಜಾಗವೇ ಇಲ್ಲ. ಮೇಲೆ ಹೇಳಿದ ಉಸಿರು, ಹಾಡು, ಕೂಟ ಯಾವುದಕ್ಕೂ ದೇವರ ಅಗತ್ಯ ಇಲ್ಲ.

ಒಂದು ಮಠಕ್ಕೆ ಅಥವಾ ಗುರುವಿನ ಹತ್ತಿರ ಹೋಗಬೇಕು ಅನ್ನಿಸುತ್ತಿದೆ. ಸರಿಯಾದ ಜಾಗವಾ ಅಂತ ಹೇಗೆ ತಿಳಿಯೋದು?

ಊಟದ ಹೊತ್ತಿಗೆ ಹೋಗಿ. ಎಲ್ಲರೂ ಒಂದೇ ಸಾಲಿನಲ್ಲಿ ಕೂರುತ್ತಾರಾ, ಅಡುಗೆಮನೆಯಲ್ಲಿ ಯಾರು ಇದ್ದಾರೆ, ಕಕ್ಕಸು ತೊಳೆಯುವವರು ಯಾರು ಎಂದು ನೋಡಿ. ವೇದಿಕೆಯ ಭಾಷಣ ಕೇಳಿದರೆ ಗೊತ್ತಾಗದ್ದು ಅಲ್ಲಿ ಗೊತ್ತಾಗುತ್ತದೆ.

ನಿಮ್ಮ ಅನುಭವವನ್ನು ಅಲ್ಲಿನ ಹಿರಿಯರ ಮುಂದೆ ಹೇಳಿಕೊಳ್ಳಿ. "ಈಗ ಯಾರು ಜಾತಿ ನೋಡ್ತಾರೆ?" ಎಂದರೆ ಅಥವಾ "ಅದು ನಿನ್ನ ಅಹಂಕಾರ" ಎಂದರೆ ಮತ್ತೆ ಹೋಗಬೇಡಿ. ಹಣ ಕೇಳಿದರೆ, ಔಷಧಿ ನಿಲ್ಲಿಸು ಎಂದರೆ, ಮನೆಯವರಿಂದ ದೂರ ಇರು ಎಂದರೆ ಅಂದೇ ಎದ್ದು ಬನ್ನಿ. ದೇವರ ಹೆಸರಿನಲ್ಲಿ ನಡೆಯುವುದೆಲ್ಲ ಪವಿತ್ರ ಅಲ್ಲ. ಹೆಣ್ಣುಮಕ್ಕಳನ್ನು ದೇವದಾಸಿಯರನ್ನಾಗಿ ಬಿಡುವುದನ್ನು ತಡೆಯಲು ಕರ್ನಾಟಕ 1982ರಲ್ಲಿ ಕಾನೂನು ತರಬೇಕಾಯಿತು. ಚಂದ್ರಗುತ್ತಿಯ ಬೆತ್ತಲೆ ಸೇವೆ ನಿಂತದ್ದು ಹೋರಾಟದಿಂದ. ಅಲ್ಲಿ ನೊಂದವರಲ್ಲಿ ದಲಿತ, ಹಿಂದುಳಿದ ಹೆಣ್ಣುಮಕ್ಕಳೇ ಜಾಸ್ತಿ. ಅವರಿಗೂ ಇದು ಭಕ್ತಿ ಎಂದೇ ಹೇಳಿಕೊಟ್ಟಿದ್ದರು.

ಮನಸ್ಸು ಶಾಂತ ಮಾಡಿಕೊಂಡರೆ ಸಾಕಾ, ದೂರು ಕೊಡಬೇಕಾ?

ಪ್ರಾರ್ಥನೆ ಮಾಡಿ, ದೂರನ್ನೂ ಕೊಡಿ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿದೆ. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆಯಲು 1989ರ ಕಾಯ್ದೆ ಇದೆ. ದೌರ್ಜನ್ಯದ ದೂರಿಗೆ 14566 ಎಂಬ ರಾಷ್ಟ್ರೀಯ ಸಹಾಯವಾಣಿ ಇದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯದ ಮಿತಿ ಇಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ನಡೆದ ದಿನ, ಹೊತ್ತು, ಆಡಿದ ಮಾತು, ಅಲ್ಲಿದ್ದವರ ಹೆಸರು, ಇಷ್ಟನ್ನು ಅಂದೇ ಬರೆದಿಡಿ. ಸ್ಕ್ರೀನ್‌ಶಾಟ್ ಅಳಿಸಬೇಡಿ.

ಎಲ್ಲ ಅವಮಾನಕ್ಕೂ ಕೇಸು ಹಾಕಲು ಆಗುವುದಿಲ್ಲ, ಎಲ್ಲರಿಗೂ ಆ ಶಕ್ತಿ ಇರುವುದಿಲ್ಲ. ಕೆಲಸ ಹೋಗುವ ಭಯವೂ ನಿಜವೇ. ದೂರು ಕೊಡದೆ ಉಳಿದವರು ಹೇಡಿಗಳು ಎಂದು ನಾನು ಯಾವತ್ತೂ ಹೇಳುವುದಿಲ್ಲ. ಕೊಟ್ಟವರಿಗಂತೂ ಮುಂದಿನ ತಿಂಗಳುಗಳಲ್ಲಿ ಕೂಟದ ಬೆಂಬಲ ಬಹಳ ಬೇಕಾಗುತ್ತದೆ. ಠಾಣೆಗೆ, ಕೋರ್ಟಿಗೆ ಜೊತೆಗೆ ಬರುವ ಒಬ್ಬರನ್ನು ಮೊದಲೇ ಗೊತ್ತು ಮಾಡಿಕೊಳ್ಳಿ.

ಡಾಕ್ಟರ ಹತ್ತಿರ ಯಾವಾಗ ಹೋಗಬೇಕು?

ಎರಡು ವಾರಕ್ಕೂ ಜಾಸ್ತಿ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ ಹೋಗಿ. ಬದುಕೇ ಬೇಡ ಎಂಬ ಯೋಚನೆ ಒಮ್ಮೆ ಬಂದರೂ ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿನಲ್ಲೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಗುಳಿಗೆ ನುಂಗುವುದು ಭಕ್ತಿಯ ಕೊರತೆಯಲ್ಲ. ನೀವು ಜಾತಿಯ ವಿಷಯ ಎತ್ತಿದಾಗ ಆಪ್ತ ಸಮಾಲೋಚಕರು ಮಾತು ಹಾರಿಸಿದರೆ ಬೇರೆಯವರನ್ನು ನೋಡಿ, ಅದಕ್ಕೆ ಸಂಕೋಚ ಬೇಡ.

ನಾನು ಮೇಲ್ಜಾತಿಯವನು. ನನ್ನ ಗೆಳೆಯ ಇದನ್ನೆಲ್ಲ ಅನುಭವಿಸುತ್ತಿದ್ದಾನೆ. ಏನು ಹೇಳಲಿ?

ಮೊದಲು ಕೇಳಿಸಿಕೊಳ್ಳಿ. "ಅವರು ಹಾಗೆ ಅಂದಿರಲಿಕ್ಕಿಲ್ಲ ಬಿಡೋ" ಎನ್ನಬೇಡಿ. ಧ್ಯಾನ ಮಾಡು, ಪಾಸಿಟಿವ್ ಆಗಿರು ಎಂಬ ಸಲಹೆಯನ್ನು ನೀವು ಕೊಡಬೇಡಿ. ಅವನಾಗಿ ಆರಿಸಿಕೊಂಡರೆ ಅದರಿಂದ ಬಲ ಬರುತ್ತದೆ, ನಿಮ್ಮ ಬಾಯಲ್ಲಿ ಅದು ಬಾಯಿ ಮುಚ್ಚಿಸುವ ಮಾತಾಗುತ್ತದೆ. ಅಂಥ ಮಾತು ನಿಮ್ಮ ಮುಂದೆ ನಡೆದಾಗ ಅಲ್ಲೇ ಎದುರು ಹೇಳಿ, ಆಮೇಲೆ ಒಬ್ಬನೇ ಸಿಕ್ಕಾಗ ಸಮಾಧಾನ ಹೇಳುವುದಕ್ಕಿಂತ ಅದು ದೊಡ್ಡದು. ಅವನು ದೂರು ಕೊಟ್ಟರೆ ಸಾಕ್ಷಿಯಾಗಿ ಸಹಿ ಹಾಕಿ. ಮತ್ತೆ ನಿಮ್ಮ ಮನೆಯ ಹಬ್ಬಕ್ಕೆ ಕರೆಯಿರಿ, ಎಲ್ಲರ ಜೊತೆ ಒಂದೇ ಪಂಕ್ತಿಯಲ್ಲಿ ಬಡಿಸಿ. ಹಾಗೆ ಬಡಿಸಲು ಮನೆಯಲ್ಲಿ ಮೊದಲು ಯಾರ ಜೊತೆ ಮಾತಾಡಬೇಕು ಎಂದು ನಿಮಗೆ ಗೊತ್ತಿರುತ್ತದೆ. ಅವನನ್ನು ಕರೆಯುವ ಮೊದಲೇ ಆ ಮಾತನ್ನು ಮುಗಿಸಿಕೊಳ್ಳಿ.